ಫುಲ್ಲಿನಲ್ಲೇ ನಿಂತ ಮುಳ್ಳು

ಆ ಬೀದಿಯವರೆಲ್ಲ ಅವನನ್ನು ಮಾಲೀಕ ಎಂದು ಕರೆಯುತ್ತಿದ್ದರು. ಮೊದಲು ಯಾರೋ ಕುಚೋದ್ಯಕ್ಕೆ ಕರೆದದ್ದು. ಅವನು ಅದನ್ನು ಬಿರುದೆಂದು ತಿಳಿದು ತಲೆಯ ಮೇಲೆ ಹೊತ್ತುಕೊಂಡ.

ಅವನ ಮಾಲೀಕತನಕ್ಕೆಲ್ಲ ಆಧಾರ ಒಂದು ಹಳೆಯ ಲಾರಿ. ಅದೂ ಅವನದಲ್ಲ, ಹೆಂಡತಿಯ ತವರಿನದು. ಅವಳ ಅಪ್ಪ ಜೀವಮಾನವಿಡೀ ಅದನ್ನು ಓಡಿಸಿ, ಕೈ ಸೋತ ಮೇಲೆ ಮಗಳಿಗೆ ಸ್ಟೇರಿಂಗ್ ಹಿಡಿಸಿ, ಅವಳ ಹೆಸರಿಗೇ ಬರೆದುಕೊಟ್ಟು ಕಣ್ಣು ಮುಚ್ಚಿದ. ಮನೆ ಬದಲಾಯಿಸುವವರ ಸಾಮಾನು ಸಾಗಿಸುವುದು ಕಸುಬು. ಓಡಿಸುವವಳು ಅವಳು, ಗ್ರೀಸ್ ಹಾಕುವವಳು ಅವಳು, ಪಂಕ್ಚರಾದರೆ ಜಾಕ್ ಕೊಟ್ಟು ಟೈರು ಬಿಚ್ಚುವವಳೂ ಅವಳೇ. ಬೀದಿಗೆಲ್ಲ ಅವಳು ಡ್ರೈವರಮ್ಮ. ಮಾಲೀಕ ಮನೆಯ ಮುಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡು, ತಿರುಗುವ ಕುರ್ಚಿಯಲ್ಲಿ ಕೂತು ಫೋನ್ ಎತ್ತುತ್ತಿದ್ದ. "ನಮ್ಮ ಡ್ರೈವರ್‌ನ ಕಳಿಸ್ತೀನಿ ಸಾರ್, ತುಂಬಾ ನಂಬಿಕಸ್ಥರು" ಎನ್ನುತ್ತಿದ್ದ. ಆ ನಂಬಿಕಸ್ಥರು ಆಗ ಒಳಗೆ ಅವನ ಬನಿಯನ್ನು ಹಿಂಡುತ್ತಿರುತ್ತಿದ್ದರು.

ಡ್ರೈವರಮ್ಮ ಗಂಡನನ್ನು ಏಕವಚನದಲ್ಲಿ ಮಾತಾಡಿಸಿದವಳಲ್ಲ. ಹಾಗೆಂದು ಅದು ಗೌರವವೂ ಅಲ್ಲ. ತಿರಸ್ಕಾರ ಹೆಚ್ಚಾದಷ್ಟೂ ಅವಳ ಬಹುವಚನ ಹೆಚ್ಚು ನಯವಾಗುತ್ತಿತ್ತು. ಅವಳ ಬಾಯಿಂದ 'ತಾವು' ಬಂದ ದಿನ ಅತ್ತೆ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿ, "ಏನೋ, ಇವತ್ತು ಏನು ಕಿಸಿದ್ಯೋ?" ಎಂದು ಮಗನನ್ನು ಕೇಳುತ್ತಿದ್ದಳು. ಹೆತ್ತ ಕರುಳು ಎಂಬ ಮಾತು ಆ ಮುದುಕಿಗೆ ಅಷ್ಟಾಗಿ ಹಿಡಿಸಿರಲಿಲ್ಲ.

ಮಾಲೀಕ ಲಾರಿ ಹತ್ತುತ್ತಿದ್ದದ್ದು ಅಪರೂಪ. ಗಿರಾಕಿ ದೊಡ್ಡ ಮನುಷ್ಯನಾಗಿದ್ದರೆ ಮಾತ್ರ, ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು, ಬದಿಯ ಸೀಟಿನಲ್ಲಿ ಕೂತು ಹೋಗುತ್ತಿದ್ದ. ಹಾಗೆ ಒಮ್ಮೆ ಹೋಗಿ ಬಂದವನು ಕ್ಯಾಬಿನ್ನಿನಲ್ಲಿ ಸೆಕೆ ಎಂದು ಒಂದು ಪುಟ್ಟ ಫ್ಯಾನು ತಂದ. ಪಕ್ಕದ ಬಡಗಿಯಿಂದ ಡ್ರಿಲ್ ಎರವಲು ತಂದು, ಯಾರನ್ನೂ ಕೇಳದೆ ಡ್ಯಾಶ್‌ಬೋರ್ಡಿಗೆ ತೂತು ಕೊರೆದು ತಾನೇ ಬಿಗಿದ. ಫ್ಯಾನಿನ ಮುಖ ಅವನ ಸೀಟಿನ ಕಡೆಗೆ. ಇಡೀ ದಿನ ಎಂಜಿನ್ ಕಾವಿನ ಮೇಲೆ ಕೂರುವವಳ ಕಡೆಗೆ ತಿರುಗಿಸೋಣವೆಂದರೆ, ತಿರುಗಿಸಲಾಗದಂತೆ ಬಿಗಿದಿದ್ದ.

"ಡ್ರೈವರ್‌ಗೆ ಗಾಳಿ ಬೀಸಿದ್ರೆ ನಿದ್ದೆ ಬರುತ್ತೆ ಕಣೇ," ಎಂದು ಕಾರಣವನ್ನೂ ಕೊಟ್ಟ.

"ತಾವು ಎಷ್ಟು ಮುಂದಾಲೋಚನೆ ಮಾಡ್ತೀರಿ," ಎಂದಳು ಅವಳು.

ಆ ಹೊತ್ತಿಗೆ ಟ್ಯಾಂಕು ತುಂಬಿತ್ತು, ಡೀಸೆಲ್ ಮೀಟರಿನ ಮುಳ್ಳು ಫುಲ್ಲಿನಲ್ಲಿತ್ತು. ಒಂದು ದೂರದ ಟ್ರಿಪ್ಪು ಹೋಗಿ ಬಂದರೂ ಅದು ಫುಲ್ಲಿನಲ್ಲೇ ಇತ್ತು. ಇನ್ನೊಂದು ಟ್ರಿಪ್ಪಿನ ನಂತರವೂ ಅಲ್ಲಾಡಲಿಲ್ಲ. ಡ್ರೈವರಮ್ಮ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ಅವಳ ಬಳಿ ಅಪ್ಪನ ಕೋಲಿತ್ತು. ಅಲ್ಲಲ್ಲಿ ಕಚ್ಚು ಹಾಕಿದ ಬಿದಿರಿನ ಕೋಲು; ಟ್ಯಾಂಕಿನ ಮುಚ್ಚಳ ತೆಗೆದು ಇಳಿಬಿಟ್ಟರೆ ಎಲ್ಲಿಯವರೆಗೆ ಒದ್ದೆಯಾಗಿದೆಯೋ ಅಷ್ಟು ಡೀಸೆಲ್. ಕೋಲಿಗೆ ವೈರೂ ಬೇಡ, ಬ್ಯಾಟರಿಯೂ ಬೇಡ. ಮಾಲೀಕನಿಗೆ ಮಾತ್ರ ಕೈ ಕಡಿಯಿತು. ಹಿಂದೊಮ್ಮೆ ರೇಡಿಯೋ ರಿಪೇರಿ ಕಲಿಯಲು ಸೇರಿ ಅರ್ಧಕ್ಕೆ ಬಿಟ್ಟವನು. ಆ ಅರ್ಧವೇ ಈಗ ಅವನ ದೊಡ್ಡ ಆಸ್ತಿ. ಗುಜರಿ ಅಂಗಡಿಗೆ ಹೋಗಿ, ಯಾವುದೋ ಸತ್ತ ಲಾರಿಯಿಂದ ಬಿಚ್ಚಿದ ಮೀಟರು ತಂದು, ಹಳೆಯದರ ಜಾಗಕ್ಕೆ ಹಾಕಿದ. ಅದೂ ಫುಲ್ ತೋರಿಸಿತು.

"ನೋಡ್ದ್ಯಾ?" ಎಂದ ಮಾಲೀಕ.

"ಏನು ನೋಡೋದು? ಇದೂ ಕೆಟ್ಟಿದೆ. ಗುಜರೀಲಿ ಇನ್ನೇನು ಸಿಗುತ್ತೆ?"

"ಅಲ್ಲ ಕಣೇ, ಸ್ವಲ್ಪ ಬುದ್ಧಿ ಉಪಯೋಗಿಸು. ಎರಡು ಮೀಟರೂ ಒಂದೇ ಮಾತು ಹೇಳ್ತಿವೆ ಅಂದ್ರೆ ಏನರ್ಥ? ಟ್ಯಾಂಕು ನಿಜವಾಗ್ಲೂ ಫುಲ್ ಇದೆ. ಮೊನ್ನೆ ನಾನು ಏರ್ ಫಿಲ್ಟರ್ ಒದರಿದ್ನಲ್ಲ, ಅವತ್ತಿಂದ ಗಾಡಿ ಕಮ್ಮಿ ಕುಡೀತಿದೆ."

 ಈ ಮಾತಿಗೆ ಉತ್ತರ ಕೊಡುವುದೆಂದರೆ ಅದಕ್ಕೆ ಬೆಲೆ ಕೊಟ್ಟಂತೆ ಎಂದು ಡ್ರೈವರಮ್ಮನಿಗೆ ಎನಿಸಿತು. ಸುಮ್ಮನೆ ಎದ್ದು ಒಳಗೆ ಹೋದಳು. ಮೀಟರನ್ನು ಬಿಚ್ಚಿ ನೋಡುವ ಗೋಜಿಗೂ ಹೋಗಲಿಲ್ಲ. ಅವನು ತಂದದ್ದು ತಾನೇ, ಕೆಟ್ಟದ್ದೇ ಇರಬೇಕು. ಇದು ಅವಳ ಲೆಕ್ಕ.

ಹೀಗೇ ನಡೆದುಹೋಗುತ್ತಿತ್ತೇನೋ. ಆದರೆ ಸಾಮಾನು ಸಾಗಿಸಲು ಕರೆದಿದ್ದ ಒಬ್ಬ ಅಧಿಕಾರಿ, ಅವಳು ಟ್ಯಾಂಕಿಗೆ ಕೋಲು ಇಳಿಸುವುದನ್ನು ಕಂಡು, "ಏನ್ರೀ ಇದು, ಬಾವಿ ಆಳ ನೋಡ್ತಿದೀರಾ?" ಎಂದು ನಕ್ಕ. ಪಕ್ಕದಲ್ಲಿದ್ದ ಮಾಲೀಕನೂ ಅವನ ಜೊತೆ ಸೇರಿ ನಕ್ಕ. ಮನೆಗೆ ಬಂದ ಮೇಲೆ ನಗು ಹೋಗಿ ಮುಖ ಕೆಂಪಾಯಿತು.

"ನಾಳೆಯಿಂದ ಆ ಕೋಲು ಮುಟ್ಟಬೇಡ. ಹೊಸ ಮೀಟರ್ ಹಾಕಿಸಿ ಕೂಡ ಕೋಲು ಹಿಡ್ಕೊಂಡು ನಿಂತ್ರೆ ನನ್ನ ಮರ್ಯಾದೆ ಏನಾಗ್ಬೇಕು? ದನ ಕಾಯೋರ ಗಾಡಿನಾ ಇದು?"

ಹೇಳಿ ಸುಮ್ಮನಾಗಲಿಲ್ಲ. ಆಫೀಸು ಎಂದು ಕರೆಯುತ್ತಿದ್ದ ಮುಂದಿನ ಕೋಣೆಯ ಕಿಟಕಿಗೆ ಪರದೆ ಕಟ್ಟಲು ಸರಳೊಂದು ಬೇಕಿತ್ತು. ಕೋಲನ್ನು ಅದಕ್ಕೆ ಹಾಕಿಬಿಟ್ಟ. ಅವಳ ಅಪ್ಪನ ಅಂಗೈ ಉಜ್ಜಿ ಉಜ್ಜಿ ನುಣುಪಾದ ಬಿದಿರಿನ ಮೇಲೆ ಹೂವಿನ ಚಿತ್ರದ ಪರದೆ ತೂಗಿತು.

ಡ್ರೈವರಮ್ಮ ಪರದೆಯನ್ನು ಸರಿಸಿ ನೋಡಿ, "ಚೆನ್ನಾಗಿ ಕಾಣ್ತಿದೆ. ಇನ್ಮೇಲೆ ತಾವು ಹೇಳಿದ ಹಾಗೇ," ಎಂದಳು. ಅತ್ತೆ ಒಳಗಿಂದ ಇಣುಕಿ ಸೊಸೆಯ ಮುಖ ನೋಡಿದಳು. ಮಗನನ್ನು ಏನೂ ಕೇಳಲಿಲ್ಲ.

ಮುಂದಿನ ವಾರ ಹಲ್ಲಿನ ಡಾಕ್ಟರ ಮನೆ ಸಾಗಿಸುವ ಕೆಲಸ ಬಂತು. ಊರಿನ ಇನ್ನೊಂದು ತುದಿಯಾಚೆ, ದಿಬ್ಬದ ಮೇಲೆ ಹೊಸ ಮನೆ ಕಟ್ಟಿಸಿದ್ದರು. ಡಾಕ್ಟರೆಂದ ಮೇಲೆ ಮಾಲೀಕ ಬಿಡುತ್ತಾನೆಯೇ? ಬಿಳಿ ಶರ್ಟು ಹೊರಬಂತು. ಬೀರು, ಮಂಚ, ಗಾಜಿನ ಕಪಾಟು, ಬೆತ್ತದ ಕುರ್ಚಿಗಳು ಎಲ್ಲ ಏರಿಸಿ ಹಗ್ಗ ಬಿಗಿಯುವ ಹೊತ್ತಿಗೆ ಬಿಸಿಲು ಚುರುಕಾಗಿತ್ತು. ಹಗ್ಗ ಬಿಗಿದವಳು ಅವಳು. "ಆ ಕಡೆ ಇನ್ನೂ ಸ್ವಲ್ಪ" ಎಂದವನು ಅವನು. ಲಾರಿ ಮುಂದೆ, ಡಾಕ್ಟರರ ಕಾರು ಹಿಂದೆ. ಕಾರಿನಲ್ಲಿ ಡಾಕ್ಟರು, ಅವರ ವಯಸ್ಸಾದ ತಾಯಿ.

ಊರಿನ ಅಂಚಿನಲ್ಲಿ ಪೆಟ್ರೋಲ್ ಬಂಕು. ಅಲ್ಲಿಂದಾಚೆ ಬರೀ ಏರು, ನಡುವೆ ಏನೂ ಇಲ್ಲ. ಡ್ರೈವರಮ್ಮನಿಗೆ ಟ್ಯಾಂಕಿನ ತಳ ಕಾಣುವಷ್ಟು ಸ್ಪಷ್ಟವಾಗಿ ಗೊತ್ತಿತ್ತು, ಡೀಸೆಲ್ ಮುಗಿಯುತ್ತಾ ಬಂದಿದೆ ಎಂದು. ಎಷ್ಟು ಓಡಿದೆ ಎಂಬುದು ಅವಳ ಮೈಗೇ ಗೊತ್ತಾಗುತ್ತಿತ್ತು. ಇಂಡಿಕೇಟರ್ ಹಾಕಿ, ನಿಧಾನ ಮಾಡಿ, ಬಂಕಿನ ಕಡೆಗೆ ಅರ್ಧ ತಿರುಗಿಸಿದಳು.

"ಹಾಕಿಸ್ಲಾ?"

ಮಾಲೀಕ ಫ್ಯಾನಿನ ಗಾಳಿಗೆ ಕಣ್ಣು ಮುಚ್ಚಿದ್ದವನು ಒಂದು ಕಣ್ಣು ತೆರೆದು ಮೀಟರಿನ ಗಾಜಿಗೆ ಉಗುರಿನಿಂದ ತಟ್ಟಿದ. "ಇದೇನು? ಇದಕ್ಕೆ ಏನಂತ ಓದ್ತಾರೆ? ಫುಲ್ಲು. ತುಂಬಿದ ಕೊಡಕ್ಕೆ ಯಾರಾದ್ರೂ ನೀರು ಹೊಯ್ತಾರಾ? ಡಾಕ್ಟ್ರಿಗೆ ಟೈಮಾಗುತ್ತೆ, ನಡಿ."

ಅವಳು ಒಂದು ಮಾತು ಹೇಳಬಹುದಿತ್ತು. ಹೇಳದೆಯೂ ನಿಲ್ಲಿಸಬಹುದಿತ್ತು, ಕಾಲಡಿಯ ಬ್ರೇಕು ಅವಳದೇ. ಆದರೆ ಬಿಳಿ ಶರ್ಟು, ಗಾಳಿಗೆ ಹಾರುವ ಕ್ರಾಪು, ತುಂಬಿದ ಕೊಡ, ಇವನ್ನೆಲ್ಲ ಒಮ್ಮೆ ನೋಡಿದಳು. 

"ತಾವು ಹೇಳಿದ ಮೇಲೆ ಮುಗೀತು," ಎಂದು ಇಂಡಿಕೇಟರ್ ಆರಿಸಿ, ಏರಿನ ಕಡೆಗೆ ಗೇರು ಹಾಕಿದಳು.

ಅರ್ಧ ಏರಿನಲ್ಲಿ ಎಂಜಿನ್ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಆಮೇಲೆ ಉಸಿರು ಬಿಟ್ಟಿತು. ಲಾರಿಯನ್ನು ರಸ್ತೆಯ ಅಂಚಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಜಿಗಿದು ಚಕ್ರಗಳ ಹಿಂದೆ ಕಲ್ಲಿಟ್ಟಳು. ಕಾರು ಬಂದು ನಿಂತಿತು. ಡಾಕ್ಟರು ಇಳಿದರು.

"ಏನಾಯ್ತು?"

"ಏನೂ ಇಲ್ಲ ಸಾರ್," ಎಂದ ಮಾಲೀಕ ಬಾಗಿಲಿನಲ್ಲೇ ನಿಂತು. "ಏರಲ್ವಾ, ಎಂಜಿನ್ ಸ್ವಲ್ಪ ತಣ್ಣಗಾಗ್ಲಿ ಅಂತ ನಾವೇ ನಿಲ್ಲಿಸಿದ್ವಿ."

"ಡೀಸೆಲ್ ಖಾಲಿ ಸಾರ್," ಎಂದಳು ಅವಳು.

ಡಾಕ್ಟರು ಕ್ಯಾಬಿನ್ನಿಗೆ ತಲೆ ಹಾಕಿ ನೋಡಿದರು. "ಫುಲ್ ತೋರಿಸ್ತಿದೆಯಲ್ರೀ?"

"ಅದನ್ನೇ ನಾನು ಹೇಳ್ತಿರೋದು ಸಾರ್! ಹೆಂಗಸ್ರಿಗೆ ಮಿಷಿನ್ ಮೇಲೆ ನಂಬಿಕೆ ಕಮ್ಮಿ."

ಡ್ರೈವರಮ್ಮ ವಾದಕ್ಕೆ ನಿಲ್ಲಲಿಲ್ಲ. ಡಾಕ್ಟರ ಮನೆಯ ಸಾಮಾನಿನಿಂದಲೇ ಒಂದು ನೆಲ ಒರೆಸುವ ಕೋಲು ಎಳೆದುಕೊಂಡು, ಅದಕ್ಕೆ ಸುತ್ತಿದ ಬಟ್ಟೆ ಬಿಚ್ಚಿ, ಟ್ಯಾಂಕಿಗೆ ಇಳಿಸಿ ಎತ್ತಿದಳು. ತುದಿಯಲ್ಲಿ ಉಗುರಿನಷ್ಟು ಒದ್ದೆ. ಅದನ್ನು ಡಾಕ್ಟರ ಮೂಗಿನ ಮುಂದೆ ಹಿಡಿದಳು. ಹಲ್ಲು ನೋಡಿ ಹುಳುಕು ಹೇಳುವ ಮನುಷ್ಯನಿಗೆ ಇನ್ನೇನೂ ವಿವರಿಸಬೇಕಾಗಲಿಲ್ಲ. ಅವರು ಮಾಲೀಕನ ಕಡೆಗೆ ತಿರುಗಿ ನೋಡಿದ ನೋಟವಿತ್ತಲ್ಲ, ಅದಕ್ಕಾಗಿಯೇ ಡ್ರೈವರಮ್ಮ ಬಂಕು ದಾಟಿ ಬಂದದ್ದು. ಸಿಕ್ಕಿತು. ಸಿಕ್ಕಿದ್ದು ಮಾತ್ರ ಅವಳು ಎಣಿಸಿದಷ್ಟು ರುಚಿಯಾಗಿರಲಿಲ್ಲ.

ಡಾಕ್ಟರು ಕ್ಯಾನು ತೆಗೆದುಕೊಂಡು ಬಂಕಿಗೆ ಹೊರಟರು. ಮಾಲೀಕ ಕಾರಿನ ಮುಂದಿನ ಬಾಗಿಲಿಗೆ ಕೈ ಹಾಕಿದ್ದ. "ನೀವು ಇಲ್ಲೇ ಇರಿ," ಎಂದರು ಡಾಕ್ಟರು. "ಅಮ್ಮನೂ ಇಲ್ಲೇ ಇಳೀತಾರಂತೆ. ಈ ತಿರುವುಗಳಲ್ಲಿ ಅವರಿಗೆ ತಲೆ ಸುತ್ತುತ್ತೆ."

ಸಣ್ಣ ಕಟ್ಟಿನ ಮುದುಕಿ ಕಾರಿನಿಂದ ಇಳಿದು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ರಸ್ತೆಯ ಬದಿಯಲ್ಲಿ ನಿಂತಳು. ಹತ್ತಿರದಲ್ಲಿ ಒಂದು ಮರವೂ ಇರಲಿಲ್ಲ. ಡ್ರೈವರಮ್ಮ ಅದನ್ನು ಕಂಡೂ ಕಾಣದವಳಂತೆ ಟೂಲ್ ಪೆಟ್ಟಿಗೆ ತೆರೆದಳು. ಹೇಗೂ ಕಾಯಬೇಕು, ಈ ಮುಳ್ಳಿನ ಹಣೆಬರಹ ಇವತ್ತೇ ತೀರಿಹೋಗಲಿ.

ಅವಳ ಅಪ್ಪ ಇದನ್ನು ಹೇಳಿಕೊಟ್ಟಿದ್ದ. ಟ್ಯಾಂಕಿನೊಳಗೆ ಒಂದು ತೇಲುಬುರುಡೆ. ಡೀಸೆಲ್ ಏರಿದರೆ ಏರುತ್ತದೆ, ಇಳಿದರೆ ಇಳಿಯುತ್ತದೆ. ಅದು ಎಷ್ಟು ಏರಿದೆ ಎಂಬುದನ್ನು ಒಂದೇ ಒಂದು ವೈರು ಮೀಟರಿಗೆ ಮುಟ್ಟಿಸುತ್ತದೆ. ಆ ವೈರು ಎಲ್ಲಾದರೂ ಕಡಿದರೆ ಮುಳ್ಳು ಖಾಲಿಗೆ ಬೀಳುತ್ತದೆ. ಲಾರಿಯ ಮೈಗೆ, ಕಬ್ಬಿಣಕ್ಕೆ, ಎಲ್ಲಾದರೂ ತಾಗಿದರೆ ಫುಲ್ಲಿಗೆ ಹೋಗಿ ಕೂರುತ್ತದೆ. ಅಷ್ಟೇ ವಿದ್ಯೆ.

"ಕೀ ಆನ್ ಮಾಡಿ, ಮುಳ್ಳು ನೋಡಿ ಹೇಳಿ," ಎಂದು ಗಂಡನನ್ನು ಕ್ಯಾಬಿನ್ನಿಗೆ ಹತ್ತಿಸಿ, ತಾನು ಟ್ಯಾಂಕಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಟ್ಯಾಂಕಿನ ಮೇಲಿನ ವೈರು ಕಿತ್ತಳು.

"ಈಗ?"

"ಫುಲ್."

"ಕಣ್ಣು ಬಿಟ್ಟು ನೋಡಿ."

"ಬಿಟ್ಟೇ ನೋಡ್ತಿದೀನಿ. ಫುಲ್ಲೇ. ನಾನು ಹೇಳ್ಲಿಲ್ವಾ, ಮೀಟರು ಗಟ್ಟಿ ಇದೆ!"

ಟ್ಯಾಂಕಿಗೂ ಮೀಟರಿಗೂ ಸಂಬಂಧವೇ ಕಡಿದ ಮೇಲೂ ಫುಲ್ ತೋರಿಸುವ ಮೀಟರನ್ನು ಗಟ್ಟಿ ಎನ್ನುವವನಿಗೆ ಏನು ಹೇಳುವುದು? ಅವಳು ಕೈ ಒರೆಸಿಕೊಂಡು ಕ್ಯಾಬಿನ್ನಿಗೆ ಬಂದಳು. ತೇಲುಬುರುಡೆಯ ತಪ್ಪಲ್ಲ, ಇನ್ನುಳಿದದ್ದು ಗುಜರಿ ಮೀಟರು. ಅದರ ಹಣೆಯ ಮೇಲೆ ಅವಳು ಮೊದಲೇ ತೀರ್ಪು ಬರೆದಾಗಿತ್ತು. ಡ್ಯಾಶ್‌ಬೋರ್ಡಿನ ಕೆಳಗೆ ಕೈ ತೂರಿಸಿ, ಮೀಟರಿನ ಬೆನ್ನಿನಿಂದ ಅದೇ ವೈರನ್ನು ಎಳೆದಳು.

ಮುಳ್ಳು ಸೊರ್ರನೆ ಖಾಲಿಗೆ ಇಳಿಯಿತು.

"ಅಯ್ಯೋ! ಕೆಡಿಸ್ಬಿಟ್ಟೆ ನೋಡು!" ಎಂದು ಮಾಲೀಕ ಕೂಗಿದ. "ಅಷ್ಟು ದಿನದಿಂದ ನೆಟ್ಟಗಿತ್ತು. ನಿನ್ನ ಕೈ ಬಿತ್ತು, ಹೋಯ್ತು!"

ರಸ್ತೆಯ ಬದಿಯಲ್ಲಿ ನಿಂತಿದ್ದ ಅಜ್ಜಿ ಕೇಳಿದಳು: "ಟ್ಯಾಂಕು ಖಾಲಿ ಅಲ್ವೇನಪ್ಪಾ? ಹಾಗಾದ್ರೆ ಖಾಲಿ ತೋರಿಸಿದ್ರೆ ಸರಿಯೇ ಅಲ್ವಾ?"

 ಡ್ರೈವರಮ್ಮ ನಗಲು ಹೊರಟವಳು ಕೈಯಲ್ಲಿದ್ದ ವೈರನ್ನು ನೋಡಿದಳು. ಮೀಟರು ಸರಿಯಾಗಿತ್ತು. ಬೀದಿಯವರಿಗೆಲ್ಲ, ಗುಜರಿಯವನಿಗೂ ಸೇರಿಸಿ, ಅದು ಕಸ ಎಂದು ಅವಳೇ ಸಾರಿಕೊಂಡು ಬಂದಿದ್ದಳು. ಈ ಮನುಷ್ಯ ಆರಿಸಿ ತಂದದ್ದೊಂದು ನೆಟ್ಟಗಿರಬಹುದು ಎಂಬ ಯೋಚನೆಯೇ ಅವಳಿಗೆ ಬಂದಿರಲಿಲ್ಲ. ಬಂದಿದ್ದರೆ ಈ ಪರೀಕ್ಷೆಯನ್ನು ಮನೆಯ ಮುಂದೆಯೇ, ನೆರಳಲ್ಲಿ, ಎಂದೋ ಮಾಡಿ ಮುಗಿಸುತ್ತಿದ್ದಳು. ಅವನನ್ನು ಕೀಳೆಂದುಕೊಳ್ಳುವ ಭರದಲ್ಲಿ ತನ್ನ ಕೆಲಸವನ್ನೇ ತಾನು ಸರಿಯಾಗಿ ಮಾಡಿರಲಿಲ್ಲ. ಇದು ಅವನಿಗೆ ಗೊತ್ತಾಗಲಿಲ್ಲ ಎಂಬುದೊಂದೇ ಸಮಾಧಾನ.

ಹಾಗಾದರೆ ದೋಷ ಇದ್ದದ್ದು ನಡುವಿನ ವೈರಿನಲ್ಲಿ. ಎಲ್ಲೋ ಸಿಪ್ಪೆ ಹೋಗಿ ಕಬ್ಬಿಣಕ್ಕೆ ತಾಗುತ್ತಿದೆ. ಮೀಟರಿಗೆ ವೈರು ಮತ್ತೆ ಸಿಕ್ಕಿಸಿದಳು. ಮುಳ್ಳು ಮತ್ತೆ ಫುಲ್ಲಿಗೆ ಹಾರಿತು. ಅವಳು ಲಾರಿಯ ಅಡಿಗೆ ತೂರಿ, ಟ್ಯಾಂಕಿನಿಂದ ಹೊರಟ ವೈರನ್ನು ಬೆರಳಿನಿಂದ ಸವರುತ್ತಾ ಬಂದಳು. ಚಾಸಿಯ ಉದ್ದಕ್ಕೂ ಮಣ್ಣು, ಹಳೆಯ ಗ್ರೀಸು, ಒಂದು ಹಲ್ಲಿಯ ಅಸ್ಥಿಪಂಜರ. ಅಲ್ಲೆಲ್ಲ ಸಿಪ್ಪೆ ಗಟ್ಟಿಯಾಗಿತ್ತು.

ಅಡಿಯಲ್ಲಿ ಮಲಗಿದ್ದಾಗ ಅವಳಿಗೆ ಮಾಲೀಕನ ಕಾಲುಗಳು ಕಂಡವು. ಅವು ಹಿಂದಕ್ಕೆ ಹೋದವು. ಹಗ್ಗ ಸಡಿಲಿಸುವ ಸದ್ದು. ಏನು ಕೆಡಿಸುತ್ತಿದ್ದಾನೋ ಎಂದು ಕೂಗಬೇಕೆನ್ನುವಷ್ಟರಲ್ಲಿ ಒಂದು ಬೆತ್ತದ ಕುರ್ಚಿ ಇಳಿಯಿತು. ಅವನು ಅದನ್ನು ಲಾರಿಯ ನೆರಳು ಬಿದ್ದ ಕಡೆ ಇಟ್ಟು, ಒಂದು ಹಾಸಿಗೆಯ ಹೊದಿಕೆಯನ್ನು ಲಾರಿಯ ಪಕ್ಕೆಗೆ ಕಟ್ಟಿ ಚಪ್ಪರದಂತೆ ಇಳಿಬಿಟ್ಟ. ಗಂಟು ಅಷ್ಟೇನೂ ಚೆನ್ನಾಗಿರಲಿಲ್ಲ, ಆದರೆ ನಿಂತಿತು. "ಕೂತ್ಕೊಳ್ಳಿ ಅಜ್ಜಿ. ನಿಮ್ಮ ಕುರ್ಚಿ, ನಿಮ್ಮ ಹೊದಿಕೆ, ನೆರಳು ಮಾತ್ರ ನಮ್ಮದು," ಎಂದ.

ಅಜ್ಜಿ ನಕ್ಕಳು. ನೀರಿನ ಬಾಟಲಿ ತಂದುಕೊಟ್ಟ. ಅಜ್ಜಿಗೆ ಎಷ್ಟು ಹಲ್ಲು ಉಳಿದಿವೆ, ಮಗ ಹಲ್ಲಿನ ಡಾಕ್ಟರಾಗಿ ಸ್ವಂತ ತಾಯಿಯ ಹಲ್ಲನ್ನು ಉಳಿಸಲಿಲ್ಲವೇ ಎಂದೆಲ್ಲ ವಿಚಾರಿಸಿದ. ಅಜ್ಜಿ ಮಗನ ಮೇಲಿನ ದೂರುಗಳ ಗಂಟನ್ನೇ ಬಿಚ್ಚಿದಳು. ಅವನು ಹೌದೌದೆಂದು ತಲೆಯಾಡಿಸಿದ. ಲಾರಿಯ ಅಡಿಯಲ್ಲಿ ಮಣ್ಣು ಮೆತ್ತಿಕೊಂಡು ಮಲಗಿದ್ದವಳಿಗೆ ಆ ನಗು ಕೇಳಿಸುತ್ತಲೇ ಇತ್ತು. ಕೆಲಸಕ್ಕೆ ಬಾರದವನು, ಮಾತಿನಲ್ಲೇ ಮನೆ ಕಟ್ಟುವವನು ಎಂದುಕೊಂಡಳು. ಆದರೆ ಬಿಸಿಲಿನಲ್ಲಿ ನಿಂತಿದ್ದ ಮುದುಕಿಗೆ ಕುರ್ಚಿ ಹಾಕಬೇಕೆಂದು ತನಗೆ ಹೊಳೆಯಲಿಲ್ಲ ಎಂಬುದು ಬೆನ್ನಿಗೆ ಚುಚ್ಚುವ ಕಲ್ಲಿನಂತೆ ಚುಚ್ಚಿತು.

ವೈರು ಕ್ಯಾಬಿನ್ನಿನ ತಳದಿಂದ ಮೇಲಕ್ಕೆ ಹತ್ತಿ, ಬದಿಯ ಸೀಟಿನ ಮುಂದೆ, ಡ್ಯಾಶ್‌ಬೋರ್ಡಿನ ಹಿಂದೆ ಅಡ್ಡಲಾಗಿ ಹೋಗಿತ್ತು. ಅವಳು ಕ್ಯಾಬಿನ್ನಿಗೆ ಹತ್ತಿ, ಸೀಟಿನ ಮೇಲೆ ತಲೆಕೆಳಗಾಗಿ ಮಲಗಿ, ಟಾರ್ಚು ಬಿಟ್ಟಳು. ಸುತ್ತ ಎಲ್ಲ ತುಕ್ಕು, ಧೂಳು, ಜೇಡರ ಬಲೆ. ಅದರ ನಡುವೆ ಫಳಫಳ ಹೊಳೆಯುವ ಒಂದು ಹೊಸ ಸ್ಕ್ರೂ. ಡ್ಯಾಶ್‌ಬೋರ್ಡಿನ ತಗಡನ್ನು ತೂರಿ ಬಂದು, ವೈರುಗಳ ಕಟ್ಟಿನ ನಡುವೆ ನೆಟ್ಟಗೆ ನಿಂತಿತ್ತು. ಫ್ಯಾನಿನ ಸ್ಕ್ರೂ.

 ಆ ಕ್ಷಣದಲ್ಲಿ ಅವಳಿಗಾದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

"ಒಂದ್ನಿಮಿಷ ಬರ್ತೀರಾ? ಮುಳ್ಳು ನೋಡ್ಬೇಕಿತ್ತು," ಎಂದು ನಯವಾಗಿ ಕರೆದಳು.

ಮಾಲೀಕ ಬಂದು ಕಿಟಕಿಯಿಂದ ಇಣುಕಿದ. ಅವಳು ಸ್ಕ್ರೂಡ್ರೈವರ್ ಹಿಡಿದು ಒಂದು ಸುತ್ತು, ಇನ್ನೊಂದು ಸುತ್ತು ತಿರುಗಿಸಿದಳು. ಫ್ಯಾನು ಒಂದು ಕಡೆಗೆ ವಾಲಿತು. ಸ್ಕ್ರೂ ಹೊರಬಂದದ್ದೇ ತಡ, ಮುಳ್ಳು ಬಿತ್ತು.

"ಬಿತ್ತು! ಖಾಲಿಗೆ ಬಿತ್ತು! ಏನು ಮಾಡ್ದೆ?"

ಅವಳು ಸ್ಕ್ರೂವನ್ನು ಅಂಗೈಯಲ್ಲಿಟ್ಟು ಅವನ ಮುಂದೆ ಹಿಡಿದಳು. ಅವನು ಗುರುತು ಹಿಡಿದ. ಮೊದಲು ಹೆಮ್ಮೆಯಿಂದಲೇ ಹಿಡಿದ. "ಇದು ನಾನು ಹಾಕಿದ್ದಲ್ವಾ? ಗಟ್ಟಿಯಾಗಿ ಕೂರ್ಲಿ ಅಂತ ಉದ್ದದ್ದೇ ತಂದಿದ್ದೆ..." ಎಂದವನು ಅಲ್ಲಿಗೇ ನಿಂತ.

"ಗಟ್ಟಿಯಾಗೇ ಕೂತಿತ್ತು. ವೈರಿನ ಎದೆ ಮೇಲೆ. ತಾವು ಗಾಳಿ ಕುಡಿಯೋಕೆ ಕೊರೆದ ತೂತಿನಿಂದ ಲಾರಿಗೆ ಕಣ್ಣು ಹೋಗಿತ್ತು. ಏರ್ ಫಿಲ್ಟರ್ ಒದರಿದ್ದಕ್ಕೆ ಡೀಸೆಲ್ ಉಳೀತಿದೆ ಅಂದ್ರಲ್ಲ, ಎಲ್ಲಿ, ಆ ಉಳಿದಿದ್ದನ್ನ ಈಗ ಸ್ವಲ್ಪ ಹೊಯ್ಯಿರಿ ನೋಡೋಣ."

ಅವಳು ಮೆಲ್ಲಗೇ ಹೇಳಿದಳು. ಆದರೆ ಹೊದಿಕೆಯ ಚಪ್ಪರದಡಿ ಕೂತ ಅಜ್ಜಿಗೆ ಕೇಳಿಸುವಷ್ಟು. ಮಾಲೀಕನ ಮುಖ ಒಣಗಿತು. ಸ್ಕ್ರೂವನ್ನು ತಿರುಗಿಸಿ ತಿರುಗಿಸಿ ನೋಡಿದ. ಏನಾದರೊಂದು ಹೇಳಲೇಬೇಕಿತ್ತು, ಅವನ ಜಾತಕವೇ ಹಾಗೆ. ಬಹಳ ಹೊತ್ತು ಹುಡುಕಿ, ಕೊನೆಗೆ ಕೇಳಿದ:

"ಆದ್ರೂ... ಮೀಟರ್ ಚೆನ್ನಾಗಿತ್ತಲ್ಲ?"

ಅವಳು ಇನ್ಸುಲೇಷನ್ ಟೇಪನ್ನು ಹಲ್ಲಿನಿಂದ ಕಡಿಯುತ್ತಿದ್ದಳು. ಸುಳ್ಳು ಹೇಳಬಹುದಿತ್ತು. ಆದರೆ ಕಸುಬಿನ ವಿಷಯದಲ್ಲಿ ಸುಳ್ಳು ಹೇಳುವುದನ್ನು ಅವಳ ಅಪ್ಪ ಕಲಿಸಿರಲಿಲ್ಲ.

"ಹೂಂ," ಎಂದಳು. "ಮೀಟರ್ ಚೆನ್ನಾಗಿತ್ತು."

ಗಾಯದ ವೈರಿಗೆ ಟೇಪು ಸುತ್ತಿ, ಟ್ಯಾಂಕಿನ ಕಡೆ ಕಿತ್ತಿದ್ದ ತುದಿಯನ್ನೂ ಸಿಕ್ಕಿಸಿ ಮುಗಿಸುವಾಗ ಡಾಕ್ಟರು ಕ್ಯಾನಿನೊಂದಿಗೆ ಬಂದರು. ಟ್ಯಾಂಕಿಗೆ ಸುರಿದರೆ ಆಗಲಿಲ್ಲ. ಒಣಗಿದ ಡೀಸೆಲ್ ಗಾಡಿಯ ಪೈಪಿನಲ್ಲಿ ಗಾಳಿ ಸೇರಿಕೊಂಡಿರುತ್ತದೆ, ಅದನ್ನು ಹೊರದಬ್ಬುವ ತನಕ ಎಂಜಿನ್ ಹತ್ತುವುದಿಲ್ಲ. ಅವಳು ಸ್ಪ್ಯಾನರ್ ಹಿಡಿದು ಫಿಲ್ಟರಿನ ನಟ್ಟು ಸಡಿಲಿಸಿದಳು. ಕೈಪಂಪು ಒತ್ತಲು ಇನ್ನೊಬ್ಬರು ಬೇಕು.

"ಒತ್ತಿ," ಎಂದಳು ಗಂಡನಿಗೆ.

ಅವನು ತೋಳು ಮಡಿಚಿ ಒತ್ತಿದ. ನಟ್ಟಿನ ಸಂದಿಯಿಂದ ಗಾಳಿ, ನೊರೆ, ಮತ್ತೆ ಗಾಳಿ. ನೊರೆ ನಿಂತು ಶುದ್ಧ ಡೀಸೆಲ್ ಚಿಮ್ಮಿದಾಗ ಅವನು ಮುಂದೆ ಬಾಗಿ ನೋಡುತ್ತಿದ್ದ. ಬಿಳಿ ಶರ್ಟಿನ ಎದೆಯ ಮೇಲೆ ಡೀಸೆಲ್ ಹರಡಿತು. ಪಕ್ಕಕ್ಕೆ ಸರಿಯಿರಿ ಎಂದು ಅವಳು ಹೇಳಿದ್ದಳು, ಆದರೆ ಸ್ವಲ್ಪ ತಡವಾಗಿ ಹೇಳಿದಳು.

ಹೊಸ ಮನೆಯ ಮುಂದೆ ಸಾಮಾನು ಇಳಿಸಿ ಮುಗಿದಾಗ ಅಜ್ಜಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಕೊನೆಯ ಕುರ್ಚಿ ಹೊತ್ತು ತಂದ ಡ್ರೈವರಮ್ಮನನ್ನು ಹತ್ತಿರ ಕರೆದಳು.

"ನಿನ್ನ ಗಂಡ ಸ್ವಲ್ಪ ಬಾಯಿಬಡುಕ. ಆದ್ರೆ ಕೆಟ್ಟವನಲ್ಲ ಕಣಮ್ಮಾ."

"ಹೂಂ ಅಜ್ಜಿ."

"ನಿನ್ನೊಂದು ಮಾತು ಕೇಳ್ಲಾ? ಬಂಕಿನ ಹತ್ರ ನೀನು ನಿಧಾನ ಮಾಡ್ದೆ, ಲೈಟೂ ಮಿಣುಕಿಸ್ದೆ. ನಮ್ಮ ಕಾರು ಹಿಂದೇನೇ ಇತ್ತು. ಆಮೇಲೆ ಯಾಕೆ ನಿಲ್ಲಿಸ್ಲಿಲ್ಲ?"

"ಫುಲ್ ಇದೆ ಅಂದ್ರು, ಅವರು."

"ನಿಂಗೆ ಗೊತ್ತಿತ್ತಲ್ಲ?"

 ಡ್ರೈವರಮ್ಮ ಕುರ್ಚಿಯ ಬೆತ್ತ ಕಿತ್ತುಹೋದ ಕಡೆಯನ್ನು ಉಗುರಿನಿಂದ ಸರಿಪಡಿಸಿದಳು.

"ಅವನಿಗೆ ಬುದ್ಧಿ ಕಲಿಸೋಕೆ ನನ್ನ ಬಿಸಿಲಲ್ಲಿ ನಿಲ್ಲಿಸ್ದೆ," ಎಂದಳು ಅಜ್ಜಿ, ಬೈಗುಳದ ದನಿಯಲ್ಲೇನೂ ಅಲ್ಲ. ಉಪ್ಪು ಜಾಸ್ತಿಯಾಗಿದೆ ಎನ್ನುವಂತೆ. "ನಾನೂ ನಮ್ಮೆಜಮಾನ್ರಿಗೆ ಹೀಗೇ ಮಾಡ್ತಿದ್ದೆ. ಅವರೇನೂ ಕಲೀಲಿಲ್ಲ. ಹೋಗು, ಕೈ ತೊಳ್ಕೋ."

ಮನೆಗೆ ಬಂದ ಮೇಲೆ ಮಾಲೀಕ ಶರ್ಟಿಗೆ ಸೋಪು ಉಜ್ಜುತ್ತಾ ತಾಯಿಗೆ ಕಥೆ ಹೇಳಿದ. ಅವನ ಕಥೆಯಲ್ಲಿ ಅವನು ಮುಳ್ಳು ನೋಡಿ ಹೇಳುತ್ತಿದ್ದ, ಇವಳು ಅವನು ಹೇಳಿದ ಕಡೆ ಹುಡುಕುತ್ತಿದ್ದಳು, ಇಬ್ಬರೂ ಸೇರಿ ದೋಷ ಹಿಡಿದರು. ಸ್ಕ್ರೂ ಎಲ್ಲಿಂದ ಬಂತೆಂಬುದು ಕಥೆ ಮುಗಿಯುವವರೆಗೂ ಬರಲಿಲ್ಲ. ಅತ್ತೆ ಸೊಸೆಯ ಕಡೆಗೆ ನೋಡಿ, "ಇವನ ಮುಳ್ಳು ಹುಟ್ಟಿದಾಗಿನಿಂದ ಫುಲ್ಲಲ್ಲೇ ಇದೆ. ನಾನೂ ಹೆತ್ತವಳು, ಎಲ್ಲಿ ತಾಗ್ತಿದೆ ಅಂತ ಇವತ್ತಿಗೂ ಗೊತ್ತಾಗಿಲ್ಲ," ಎಂದಳು.

ಬೇರೆ ದಿನವಾಗಿದ್ದರೆ ಡ್ರೈವರಮ್ಮ ನಗುತ್ತಿದ್ದಳು. ಅಂದು ಊಟಕ್ಕೆ ಕೂತಾಗ, ತಟ್ಟೆಯ ಮೇಲೆ ಕಣ್ಣಿಟ್ಟುಕೊಂಡೇ ಹೇಳಿದಳು: "ಬಂಕಿನ ಹತ್ರ ನಂಗೆ ಗೊತ್ತಿತ್ತು. ಖಾಲಿ ಅಂತ."

ಮಾಲೀಕ ತುತ್ತು ಎತ್ತಿದ ಕೈಯನ್ನು ಹಾಗೇ ಹಿಡಿದ. "ಗೊತ್ತಿತ್ತಾ? ಗೊತ್ತಿದ್ದೂ ಹೋದ್ಯಾ?"

"ಹೂಂ."

ಅವನು ಕೂಗಾಡುತ್ತಾನೆ, ತನ್ನ ಮರ್ಯಾದೆಯ ಪುರಾಣ ತೆಗೆಯುತ್ತಾನೆ ಎಂದುಕೊಂಡಿದ್ದಳು. ಉತ್ತರವನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದಳು. ಅವನು ತುತ್ತನ್ನು ತಟ್ಟೆಗೆ ಇಳಿಸಿ ಇಷ್ಟೇ ಹೇಳಿದ: "ಅಜ್ಜಿ ಬಿಸಿಲಲ್ಲಿ ನಿಂತಿದ್ರು ಕಣೇ."

 ಅತ್ತೆ ಮಗನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಎರಡು ದಿನ ಅವನು ಅವಳೊಂದಿಗೆ ಮಾತಾಡಲಿಲ್ಲ. ಆ ಮನೆಯಲ್ಲಿ ಅಷ್ಟು ನೆಮ್ಮದಿ ಹಿಂದೆಂದೂ ಇರಲಿಲ್ಲ. ಆದರೂ ಅವಳಿಗೆ ಯಾಕೋ ನಿದ್ದೆ ಹತ್ತಲಿಲ್ಲ.

ಮಾಲೀಕ ಬದಲಾದನೆಂದು ಯಾರೂ ತಿಳಿಯಬೇಕಾಗಿಲ್ಲ. ಮೂರನೆಯ ದಿನ ಅವನು ಲಾರಿಗೆ ಹಾಡು ಹಾಡುವ ರಿವರ್ಸ್ ಹಾರ್ನು ಹಾಕುವ ಯೋಜನೆ ಹೇಳಿದ. ಅವಳು ಬಡಗಿಯ ಮನೆಗೆ ಹೋಗಿ, ಇವನಿಗೆ ಡ್ರಿಲ್ ಕೊಟ್ಟರೆ ನಿಮ್ಮ ಮರ ಸಾಗಿಸುವುದಿಲ್ಲ ಎಂದು ಹೇಳಿ ಬಂದಳು. ಅವಳ ತಿರಸ್ಕಾರವೂ ಎಲ್ಲಿಗೂ ಹೋಗಿರಲಿಲ್ಲ.

ಮುಂದಿನ ಬಾರಿ ಅವನು ಲಾರಿಯಲ್ಲಿ ಬಂದಾಗ, ಕೇಳದೆಯೇ ಬಂಕಿಗೆ ತಿರುಗಿಸಿದಳು. ಅವನು ಇಳಿದು, ಡೀಸೆಲ್ ಹಾಕುವವನ ಹೆಗಲ ಮೇಲೆ ಕೈಯಿಟ್ಟು, ಒಂದು ವೈರು ಕಬ್ಬಿಣಕ್ಕೆ ತಾಗಿದರೆ ಮುಳ್ಳು ಯಾಕೆ ಫುಲ್ಲಿಗೆ ಹೋಗುತ್ತದೆ ಎಂದು ವಿವರಿಸತೊಡಗಿದ. ಹೇಳಿದ್ದರಲ್ಲಿ ಅರ್ಧ ತಪ್ಪು. ಟ್ಯಾಂಕು ತುಂಬಿತು, ಮುಚ್ಚಳ ಬಿತ್ತು, ಅವನ ಮಾತು ಮುಗಿಯಲಿಲ್ಲ. ಅವಳು ಎಂಜಿನ್ ಹಚ್ಚಿದಳು. ಇಂಥ ಹೊತ್ತಿನಲ್ಲಿ ಗಾಡಿಯನ್ನು ನಾಲ್ಕು ಮಾರು ಮುಂದೆ ಬಿಟ್ಟು, ಅವನು ಹಿಂದಿನಿಂದ ಚಪ್ಪಲಿ ಎಳೆಯುತ್ತಾ ಓಡಿಬರುವುದನ್ನು ಕನ್ನಡಿಯಲ್ಲಿ ನೋಡುವುದು ಅವಳ ಹಳೆಯ ಚಾಳಿ.

ಕಾಲು ಕ್ಲಚ್ಚಿನ ಮೇಲಿತ್ತು. ಅವಳು ಅದನ್ನು ಒತ್ತಿ ಹಿಡಿದೇ ಕೂತಳು. ಅವನು ಮಾತು ಮುಗಿಸಿ, ಬಾಗಿಲು ತೆರೆದು, ಸೀಟಿನಲ್ಲಿ ಕೂತು, ಅಂಗಿಯ ಮಡಿಕೆ ಸರಿಪಡಿಸಿಕೊಂಡ ಮೇಲೆ ಗೇರು ಹಾಕಿದಳು.